ಮುಚ್ಚಿಟ್ಟ ಕಷ್ಟ ಯಾರ ಹಿತಕ್ಕೆ?



ಒಂದು ಕಾಲಕ್ಕೆ ನಮ್ಮ ಗಡಿಭಾಗದ ಹುಡುಗನೊಬ್ಬ ಸೊಲ್ಲಾಪುರಕ್ಕೋ ಧಾರವಾಡಕ್ಕೋ ಓದಲು ಹೊರಟರೆ ಊರಿಗೆಲ್ಲ ಅದೇ ಸುದ್ದಿ. ಇಂದು ಅಂಥ ಮನೆಗಳ ಮಕ್ಕಳು ಜರ್ಮನಿ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಡುತ್ತಿದ್ದಾರೆ. ಒಕ್ಕಲುತನದ ಮನೆಯವರು ಹೊಲದ ಕಾಗದಪತ್ರ ಬ್ಯಾಂಕಿಗೆ ಕೊಟ್ಟು, ವ್ಯಾಪಾರಸ್ಥರು ಅಂಗಡಿಯ ಬಂಡವಾಳದಲ್ಲಿ ಒಂದು ಪಾಲು ತೆಗೆದು ಮಕ್ಕಳನ್ನು ಕಳಿಸುತ್ತಿದ್ದಾರೆ. ಇದು ಸಂತೋಷಪಡಬೇಕಾದ ಸಂಗತಿ. ಆದರೆ ಇದರ ಬೆನ್ನಿಗೇ ಒಂದು ಪ್ರಶ್ನೆಯೂ ನಮ್ಮ ಮನೆಗಳೊಳಗೆ ಬಂದು ಕುಳಿತಿದೆ. ಪರದೇಶದಲ್ಲಿರುವ ಮಗ ತನ್ನ ಕಷ್ಟವನ್ನು ಹೆತ್ತವರಿಂದ ಮುಚ್ಚಿಡುತ್ತಾನೆ. ಹೆತ್ತವರು ತಮ್ಮ ಕಷ್ಟವನ್ನು ಮಗನಿಂದ ಮುಚ್ಚಿಡುತ್ತಾರೆ. ಇಬ್ಬರೂ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಪ್ರೀತಿಯಿಂದ ಆಡಿದ ಸುಳ್ಳು ಧರ್ಮವಾಗುತ್ತದೆಯೇ?

ಮೊದಲು ಆ ಮಕ್ಕಳ ದಿನಚರಿ ಎಂಥದೆಂದು ತಿಳಿಯೋಣ. ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಇದನ್ನು ಕೇಳಿ ಓದು ಪುಕ್ಕಟೆ ಎಂದು ತಿಳಿಯುವವರಿದ್ದಾರೆ. ಆದರೆ 2024ರ ಸೆಪ್ಟೆಂಬರಿನಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿ ಸಾಮಾನ್ಯವಾಗಿ ಒಂದು ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಒಂದು ಖಾತೆಯಲ್ಲಿ ಕಟ್ಟಿಡಬೇಕಾಯಿತು. ಆ ಹಣ ಒಮ್ಮೆಲೇ ಕೈಗೆ ಬರುವುದಿಲ್ಲ, ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಅದರಲ್ಲಿಯೇ ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಆಗಬೇಕು. ದೊಡ್ಡ ಊರುಗಳಲ್ಲಿ ಬಾಡಿಗೆಯೇ ಅರ್ಧವನ್ನು ನುಂಗುತ್ತದೆ. ಕೋಣೆ ಸಿಕ್ಕಿದ ಮೇಲೆ ವಿಳಾಸವನ್ನು ನಗರದ ಕಚೇರಿಯಲ್ಲಿ ಬರೆಸಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಕಚೇರಿಯ ಕಾಗದ, ಮನೆ ಮಾಲಕರ ಕರಾರು ಜರ್ಮನ್ ಭಾಷೆಯಲ್ಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂತೆ ಮಾಡಲು ಮರೆತವನಿಗೆ ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯೇ ಗತಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ನಮ್ಮ ಬಿಸಿಲಲ್ಲಿ ಬೆಳೆದ ಮಕ್ಕಳಿಗೆ ಆ ಕತ್ತಲೆ ಚಳಿಗಿಂತ ಹೆಚ್ಚು ಕಾಡುತ್ತದೆ.

ಇನ್ನು ದುಡಿಮೆ. ಓದುವವರು ಎಷ್ಟು ದುಡಿಯಬೇಕೆಂಬುದಕ್ಕೆ ಪ್ರತಿ ದೇಶದಲ್ಲಿಯೂ ಕಟ್ಟಳೆಯಿದೆ. 2024ರಲ್ಲಿ ಬದಲಾದ ಜರ್ಮನಿಯ ನಿಯಮದಂತೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಇಂಗ್ಲೆಂಡಿನಲ್ಲಿ ಪದವಿ ಓದುವವರಿಗೆ ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಹದಿನೈದು ದಿನಕ್ಕೆ 48 ಗಂಟೆ. ಸಿಗುವ ಕೆಲಸವೆಂದರೆ ಹೋಟೆಲಿನಲ್ಲಿ ಭಾಂಡೆ ತೊಳೆಯುವುದು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವುದು, ಅಂಗಡಿಯ ನೆಲ ಒರೆಸುವುದು.

ಇಷ್ಟೆಲ್ಲ ಮುಗಿಸಿ ಆ ಮಗ ರಾತ್ರಿ ಒಂಬತ್ತಕ್ಕೆ ಕೋಣೆಗೆ ಬಂದಾಗ ಚಳಿಗಾಲವಾದರೆ ಇಲ್ಲಿ ನಡುರಾತ್ರಿ ಒಂದೂವರೆ. ಆದ್ದರಿಂದ ಮಾತು ಭಾನುವಾರಕ್ಕೆ ಉಳಿಯುತ್ತದೆ. "ಊಟ ಆತೇನೋ?" "ಆತವ್ವಾ, ಎಲ್ಲಾ ಆರಾಮ ಅದ." "ಅಪ್ಪಾ, ಬೆಳಿ ಹೆಂಗದ?" "ಚಲೋ ಅದ, ನೀ ಓದಿನ ಕಡೆ ಲಕ್ಷ್ಯ ಕೊಡು." ಅಲ್ಲಿ ಮಗ ಮಧ್ಯಾಹ್ನದಿಂದ ಉಂಡಿಲ್ಲ. ಇಲ್ಲಿ ದಾಳಿಂಬೆಗೆ ರೋಗ ಬಿದ್ದು ತೋಟ ಕೈಬಿಟ್ಟಿದೆ. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನಪಡಿಸಿ ಫೋನು ಇಡುತ್ತಾರೆ.

ಇದನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. "ಹೇಳಿದರೆ ಅವ್ವ ಅಲ್ಲಿಂದ ಏನು ಮಾಡಿಯಾಳು? ಸುಮ್ಮನೆ ಅನ್ನ ನೀರು ಬಿಟ್ಟಾಳು" ಎನ್ನುತ್ತಾನೆ ಮಗ. "ಅವನ ತಲೆ ಯಾಕೆ ಕೆಡಿಸಬೇಕು?" ಎನ್ನುತ್ತಾರೆ ತಂದೆ. ಈ ಮಾತಿನಲ್ಲಿ ಕರುಣೆಯಿದೆ, ಇದನ್ನು ಹಗುರಾಗಿ ತಳ್ಳಿಹಾಕಬಾರದು. ಆದರೂ ಮೂರು ಸಂಗತಿಗಳನ್ನು ವಿಚಾರ ಮಾಡಬೇಕಾಗುತ್ತದೆ.

ಮೊದಲನೆಯದು, ಪಾಲುದಾರಿಕೆಯ ನ್ಯಾಯ. ಇಬ್ಬರು ಕೂಡಿ ಅಡತಿ ಅಂಗಡಿ ನಡೆಸುತ್ತಾರೆಂದುಕೊಳ್ಳಿ. ಒಬ್ಬ ತನ್ನ ಕಡೆಯ ನಷ್ಟವನ್ನು ಕೀರ್ದಿಯಲ್ಲಿ ಬರೆಯದೆ, "ಪಾಲುದಾರನಿಗೆ ನೋವಾದೀತು" ಎಂದು ಮುಚ್ಚಿಟ್ಟರೆ ಅದನ್ನು ಯಾರಾದರೂ ದಯೆ ಎಂದಾರೆಯೇ? ಮಗನ ಓದೂ ಮನೆಮಂದಿಯೆಲ್ಲ ಕೂಡಿ ಹಾಕಿದ ಬಂಡವಾಳವೇ. ಬ್ಯಾಂಕಿನ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತಾರೆ. ಓದುವ ಕಾಲದಲ್ಲಿ ಕಂತು ಕಟ್ಟದಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಮಗ ಎರಡು ವಿಷಯಗಳಲ್ಲಿ ನಪಾಸಾಗಿ ಆರು ತಿಂಗಳು ಹೆಚ್ಚು ಇರಬೇಕಾದದ್ದು ತಂದೆಗೆ ತಿಳಿದಿದ್ದರೆ, ಅವರು ಈ ವರ್ಷ ಹೊಸ ಬೋರು ಕೊರೆಸುತ್ತಿದ್ದರೇ? ಬೆಳೆ ಹೋದದ್ದು ಮಗನಿಗೆ ತಿಳಿದಿದ್ದರೆ, ಅವನು ಇನ್ನೂ ಅಗ್ಗದ ಕೋಣೆ ಹುಡುಕುತ್ತಿರಲಿಲ್ಲವೇ? ಸುಳ್ಳು ನೋವನ್ನಷ್ಟೇ ತಪ್ಪಿಸುವುದಿಲ್ಲ, ಇನ್ನೊಬ್ಬರ ಕೈಯಿಂದ ನಿರ್ಣಯವನ್ನೂ ಕಸಿದುಕೊಳ್ಳುತ್ತದೆ.

ಎರಡನೆಯದು, ಒಂದು ಸುಳ್ಳಿನ ಹಿಂದೆ ಇನ್ನೊಂದು ಬರುತ್ತದೆ. ಮನೆಗೆ "ಹಣ ಸಾಕಾಗಿದೆ" ಎಂದು ಹೇಳಿದವನಿಗೆ ಮತ್ತೆ ಕೇಳುವ ಬಾಯಿಯಿಲ್ಲ. ಕಟ್ಟಳೆ ಮೀರಿದ ದುಡಿಮೆಗೆ ಲೆಕ್ಕವಿಲ್ಲದ ಕೂಲಿ ಕೊಡುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅವರ ಬಳಿಗೆ ಹೋದವನಿಗೆ ಕೂಲಿ ಕಡಿಮೆ ಕೊಟ್ಟರೂ ದೂರು ಕೊಡುವಂತಿಲ್ಲ. ಸಿಕ್ಕಿಬಿದ್ದರೆ ವೀಸಾ ಹೋಗುವ ಭಯ. ಅವ್ವನಿಗೆ ನೋವಾಗದಿರಲೆಂದು ಆಡಿದ ಮಾತು ಕಾನೂನು ಮುರಿಯುವವರೆಗೆ ಒಯ್ಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಈ ಸುಳ್ಳು ಮನೆಯೊಳಗೆ ಉಳಿಯುವುದಿಲ್ಲ. ಹಿಮದಲ್ಲಿ ನಿಂತು ತೆಗೆಸಿದ ಫೋಟೋ ಊರೆಲ್ಲ ತಿರುಗುತ್ತದೆ. "ಅವರ ಮಗ ಆರಾಮ ಇದ್ದಾನೆ" ಎಂಬ ಮಾತನ್ನು ನಂಬಿ ಪಕ್ಕದ ಮನೆಯವರೂ ತಮ್ಮ ನಾಲ್ಕು ಎಕರೆ ಅಡವಿಡುತ್ತಾರೆ. ನಿಜ ತಿಳಿದಿದ್ದರೆ ಅವರು ಮಗನನ್ನು ಕಳಿಸುತ್ತಲೇ ಇರಲಿಲ್ಲ ಎನ್ನಲಾಗದು. ಅಡುಗೆ ಕಲಿಸಿ, ಭಾಷೆ ಕಲಿಸಿ, ಆರು ತಿಂಗಳ ಹಣ ಕೈಯಲ್ಲಿಟ್ಟು ಕಳಿಸುತ್ತಿದ್ದರು.

ಈ ಕಷ್ಟ ಇಂದಿನದಲ್ಲ. 1888ರಲ್ಲಿ ಇಂಗ್ಲೆಂಡಿಗೆ ಓದಲು ಹೋದ ಮೋಹನದಾಸ ಗಾಂಧಿಯವರು ತಾಯಿಗೆ ಕೊಟ್ಟ ವಚನದಂತೆ ಮಾಂಸ ಮುಟ್ಟದೆ, ಸಪ್ಪೆ ಊಟದಲ್ಲಿ ಅರೆಹೊಟ್ಟೆಯಲ್ಲಿ ದಿನ ಕಳೆದರು. ಶಾಕಾಹಾರದ ಹೋಟೆಲು ಹುಡುಕಿ ಮೈಲುಗಟ್ಟಲೆ ನಡೆದರು. ಖರ್ಚಿನ ಪ್ರತಿ ಕಾಸನ್ನೂ ಬರೆದಿಟ್ಟರು. ಆಮೇಲೆ ಒಂದೇ ಕೋಣೆಗೆ ಇಳಿದು ಬೆಳಗಿನ ಮತ್ತು ರಾತ್ರಿಯ ಊಟವನ್ನು ತಾವೇ ಮಾಡಿಕೊಂಡರು. ಆದರೆ ಅದೇ ಗಾಂಧಿಯವರು ಮದುವೆಯಾಗಿ ಮಗನಿದ್ದರೂ, ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ರೂಢಿಯಂತೆ ಅವಿವಾಹಿತನೆಂದು ತೋರಿಸಿಕೊಂಡಿದ್ದರು. ಅವರನ್ನು ಭಾನುವಾರಗಳಂದು ಊಟಕ್ಕೆ ಕರೆಯುತ್ತಿದ್ದ ಒಬ್ಬ ಮುದುಕಿ, ಒಬ್ಬ ತರುಣಿಯ ಪರಿಚಯ ಮಾಡಿಸಿ ಸಲಿಗೆ ಬೆಳೆಯಲು ಅನುವು ಮಾಡಿಕೊಟ್ಟಳು. ಕೊನೆಗೆ ಗಾಂಧಿಯವರು ಧೈರ್ಯಮಾಡಿ ಆಕೆಗೆ ನಿಜವನ್ನು ಕಾಗದದಲ್ಲಿ ಬರೆದರು. ಆಕೆ ಸಿಟ್ಟಾಗಲಿಲ್ಲ, ನಕ್ಕು ಮತ್ತೆ ಊಟಕ್ಕೆ ಕರೆದಳು. ಈ ಪ್ರಸಂಗವನ್ನು ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಹಸಿವು ಗೆದ್ದವರಿಗೂ ನಾಚಿಕೆ ಗೆಲ್ಲುವುದು ಕಷ್ಟವಾಯಿತು ಎಂಬುದನ್ನು ಗಮನಿಸಬೇಕು.

ನಮ್ಮ ಮಕ್ಕಳು ಮುಚ್ಚಿಡುವುದರ ಹಿಂದೆಯೂ ಬಹಳ ಸಲ ಇದೇ ನಾಚಿಕೆಯಿರುತ್ತದೆ. ಭಾಂಡೆ ತೊಳೆಯುತ್ತೇನೆಂದು ಹೇಳಲು ಮಗ ಹಿಂಜರಿಯುತ್ತಾನೆ. ಕೇಳಲು ತಂದೆಗೂ ಇರಿಸುಮುರಿಸು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ತಲೆಮಾರುಗಳಿಂದ ಹೇಳುತ್ತ ಬಂದ ಮನೆಗಳಲ್ಲಿ ಇದು ಹೇಗೆ ಬಂತು? "ನಮ್ಮ ಹಾಗೆ ಮಣ್ಣಿನಲ್ಲಿ ಕೈ ಹಾಕಬೇಡ, ಓದು" ಎಂದು ಚಿಕ್ಕಂದಿನಿಂದ ಹೇಳಿದವರು ನಾವೇ ಅಲ್ಲವೇ? ಕೈಕೆಲಸ ಕೀಳು ಎಂಬ ಪಾಠವನ್ನು ಮಗು ನಮ್ಮಿಂದಲೇ ಕಲಿತಿದೆ. ಪ್ರಾಮಾಣಿಕ ದುಡಿಮೆಯನ್ನು ಕಟ್ಟಳೆಯೊಳಗೆ ಮಾಡುವವನು ತಲೆಯೆತ್ತಿ ಹೇಳಬಹುದು. ಕೇಳುವವರೂ ಹೆಮ್ಮೆಪಡಬಹುದು.

ಹಾಗಾದರೆ ಪ್ರತಿ ಕಣ್ಣೀರನ್ನೂ ಹೇಳಲೇಬೇಕೇ? ಬೇಕಿಲ್ಲ. ಊರು ನೆನಪಾಗಿ ಒಂದು ರಾತ್ರಿ ನಿದ್ದೆ ಬಾರದ್ದು ತನ್ನಲ್ಲೇ ಇರಲಿ, ಅದು ಬೆಳಗಾದರೆ ಕರಗುತ್ತದೆ. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಇದಕ್ಕೊಂದು ಸರಳ ಅಳತೆಗೋಲು ಇಟ್ಟುಕೊಳ್ಳಬಹುದು: ಈ ಸಂಗತಿ ತಿಳಿದರೆ ಆಚೆಯವರು ತಮ್ಮ ನಿರ್ಣಯ ಬದಲಿಸುತ್ತಿದ್ದರೇ? ಹೌದಾದರೆ ಅದನ್ನು ಮುಚ್ಚಿಡುವ ಹಕ್ಕು ನಮಗಿಲ್ಲ. ಹಣ, ಆರೋಗ್ಯ, ಪರೀಕ್ಷೆಯ ಫಲ, ಮಾಡುವ ಕೆಲಸ, ಈ ನಾಲ್ಕು ಇಂಥವು. ನಾಲ್ಕಾರು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ ಅದೂ ಆರೋಗ್ಯದ ಮಾತೇ. ಅದನ್ನು ಮನೆಯವರಿಗೂ ಹೇಳಬೇಕು, ಅಲ್ಲಿಯ ವೈದ್ಯರಿಗೂ ತೋರಿಸಬೇಕು.

ನಿಜ ಹೇಳುವ ಹೊಣೆ ಮಗನೊಬ್ಬನ ಮೇಲಿಲ್ಲ. ಹೇಳಿದಾಗ ಕೇಳುವ ಹೊಣೆ ಹಿರಿಯರದು. ನಪಾಸಾದೆ ಎಂದ ಕೂಡಲೇ ಸಾಲದ ಮೊತ್ತ ಎತ್ತಿ ಆಡಿದರೆ ಮುಂದಿನ ಸಲ ಅವನು ಹೇಳುವುದಿಲ್ಲ. "ಇಂಥವರ ಮಗ ಕಾರು ಕೊಂಡ" ಎಂಬ ಹೋಲಿಕೆ ಅವನ ಬಾಯಿ ಮುಚ್ಚಿಸುತ್ತದೆ.

ಆದ್ದರಿಂದ ಮಗನನ್ನಾಗಲಿ ಮಗಳನ್ನಾಗಲಿ ಕಳಿಸುವ ಮುನ್ನ ಮನೆಮಂದಿಯೆಲ್ಲ ಒಂದು ಸಂಜೆ ಕೂಡಿ ಕುಳಿತು ಮಾತಾಡಿಕೊಳ್ಳಿ. ತಿಂಗಳಿಗೊಂದು ಭಾನುವಾರ ಎರಡೂ ಕಡೆಯ ಲೆಕ್ಕ ಓದಬೇಕು. ಅಲ್ಲಿಯ ಬಾಡಿಗೆ, ಊಟ, ದುಡಿಮೆಯ ಗಂಟೆ, ಓದು. ಇಲ್ಲಿಯ ಬೆಳೆ, ಅಂಗಡಿ, ಬಡ್ಡಿ, ಅವ್ವನ ಮೊಣಕಾಲು. ಮೊದಲು ತಂದೆಯೇ ತಮ್ಮ ಲೆಕ್ಕವನ್ನು ಬಿಚ್ಚಿ ಓದಲಿ. ಹಿರಿಯರು ಸಂಕೋಚವಿಲ್ಲದೆ ನಷ್ಟ ಹೇಳಿಕೊಂಡ ಮನೆಯಲ್ಲಿ ಮಕ್ಕಳಿಗೂ ಹೇಳಿಕೊಳ್ಳುವ ಧೈರ್ಯ ಬರುತ್ತದೆ. ಪಕ್ಕದ ಮನೆಯವರು ಬಂದು "ನಮ್ಮ ಹುಡುಗನನ್ನೂ ಕಳಿಸಬೇಕೆಂದಿದ್ದೇವೆ, ಹೇಗೆ?" ಎಂದು ಕೇಳಿದರೆ ಅವರಿಗೂ ಅದೇ ಲೆಕ್ಕವನ್ನು ಓದಿ ಹೇಳಿ.