ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಮ್ಮಲ್ಲೊಂದು ಗಾದೆಯುಂಟು. ಮೂರ್ಖತನವನ್ನು ಹಳಿಯುವ ಈ ಗಾದೆ ಇನ್ನೊಂದು ಕಷ್ಟದ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಎಮ್ಮೆಯನ್ನು ಬಿಚ್ಚಿ ಪಕ್ಕಕ್ಕೆ ಕಟ್ಟದೆ ಎತ್ತಿನ ಬಳಿಗೆ ಹೋಗಲು ದಾರಿಯೇ ಇಲ್ಲವಾದರೆ? ದೋಷವಿಲ್ಲದ್ದನ್ನು ಕದಲಿಸಿಯೇ ದೋಷವನ್ನು ತಿದ್ದಬೇಕಾದಾಗ, ಆ ನಿರ್ದೋಷಿಗೆ ನಮ್ಮಿಂದ ಸಲ್ಲಬೇಕಾದುದೇನು?

ಹಳೆಯ ಮೋಟಾರಿನ ರಿಪೇರಿ ಇದಕ್ಕೊಂದು ಒಳ್ಳೆಯ ದೃಷ್ಟಾಂತ. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ತಯಾರಾಯಿತು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಕಂಡಿರುವ ಹಿರಿಯರಿಗೆ ಇದು ತೀರ ಅಪರಿಚಿತವಲ್ಲ. ಹೆರಾಲ್ಡಿನ ಚಾಸಿಯನ್ನೇ ಗಿಡ್ಡಮಾಡಿ, ಮಾರ್ಪಡಿಸಿ ಸ್ಪಿಟ್‌ಫೈರನ್ನು ಕಟ್ಟಿದರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ.

ಈ ಕಾರಿನ ಗೇರ್‌ಬಾಕ್ಸ್ ಕೆಟ್ಟರೆ ಅದನ್ನು ಕಾರಿನ ಒಳಗಿನಿಂದಲೇ ತೆಗೆಯಬೇಕು. ಸೀಟು ಹೊರಗೆ, ಹಾಸು ಹೊರಗೆ, ಮಧ್ಯದ ಮುಚ್ಚಳ ಹೊರಗೆ. ಆಮೇಲೆ ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ ಗಾಲಿಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಷಾಫ್ಟಿನ ಸರದಿ. ಒಂದೊಂದು ತುದಿಯಲ್ಲಿ ನಾಲ್ಕು ಬೋಲ್ಟು. ಅವನ್ನು ಬಿಚ್ಚಿದ ಮೇಲೆ ಕಾರನ್ನು ಗೇರಿನಲ್ಲಿಟ್ಟರೂ ಗಾಲಿ ನಿಲ್ಲದು. ಅಡ್ಡಕಟ್ಟೆ ಕೊಟ್ಟೇ ನಿಲ್ಲಿಸಬೇಕು.

ಬಿಚ್ಚುವ ಮೊದಲು ಬಲ್ಲ ಮೆಕ್ಯಾನಿಕ್ ಒಂದು ಸಣ್ಣ ಕೆಲಸ ಮಾಡುತ್ತಾನೆ. ಕೂಡುವ ಎರಡು ಚಕ್ರಮುಖಗಳ ಮೇಲೂ ಒಂದೇ ನೇರಕ್ಕೆ ಗುರುತು ಹಾಕುತ್ತಾನೆ. ಅರ್ಧ ಸುತ್ತು ತಿರುಗಿಸಿಟ್ಟರೂ ಬೋಲ್ಟುಗಳು ಸಲೀಸಾಗಿಯೇ ಕೂರುತ್ತವೆ. ಆದರೆ ಷಾಫ್ಟು ತೂಕ ಸರಿದೂಗಿಸಿದ ವಸ್ತು. ಅದು ತಿರುಗಿ ರೂಢಿಯಾದುದು ಒಂದು ನೆಲೆಯಲ್ಲಿ. ಅದರ ಎರಡು ತುದಿಯ ಯೂನಿವರ್ಸಲ್ ಜಾಯಿಂಟುಗಳೂ ಹಾಗೆಯೇ. ಓರೆಯಾಗಿ ತಿರುಗುವಾಗ ಒಂದು ಜಾಯಿಂಟು ಹುಟ್ಟಿಸುವ ವೇಗದ ಏರಿಳಿತವನ್ನು ಇನ್ನೊಂದು ತೊಡೆದುಹಾಕುತ್ತದೆ. ಅವು ಪರಸ್ಪರ ಸರಿಯಾದ ನೇರದಲ್ಲಿದ್ದರೆ ಮಾತ್ರ. ಈ ಹೊಂದಿಕೆ ತಪ್ಪಿದರೆ ಕಾರು ನಡುಗುತ್ತದೆ. ಆ ನಡುಕ ಯಾವ ಗೇರ್‌ಬಾಕ್ಸಿಗಾಗಿ ಇಷ್ಟೆಲ್ಲ ಬಿಚ್ಚಿದರೋ ಅದರ ಬೇರಿಂಗನ್ನೇ ತಿನ್ನತೊಡಗುತ್ತದೆ.

ಮನುಷ್ಯರ ನಡುವೆಯೂ ಇಂಥ ರಿಪೇರಿಗಳುಂಟು. ಒಂದು ಸಂಘದ ಲೆಕ್ಕಪತ್ರದಲ್ಲಿ ಗೊಂದಲವಾಯಿತು ಎನ್ನೋಣ. ತನಿಖೆ ಮುಗಿಯುವವರೆಗೆ ಎಲ್ಲ ಖರ್ಚನ್ನೂ ನಿಲ್ಲಿಸಬೇಕಾಗುತ್ತದೆ. ಅದರೊಂದಿಗೆ ಮಕ್ಕಳ ಭಾನುವಾರದ ಕನ್ನಡ ತರಗತಿಯೂ ನಿಲ್ಲುತ್ತದೆ. ಲೆಕ್ಕ ಸರಿಹೋದ ದಿನ ಎಲ್ಲರಿಗೂ ಸಮಾಧಾನ. ಆದರೆ ತರಗತಿ ಎಷ್ಟು ಗಂಟೆಗೆ ನಡೆಯುತ್ತಿತ್ತು, ಯಾವ ಮಕ್ಕಳು ಬರುತ್ತಿದ್ದರು, ಕಲಿಸುತ್ತಿದ್ದ ತಾಯಿ ಪಾಠವನ್ನು ಎಲ್ಲಿಗೆ ನಿಲ್ಲಿಸಿದ್ದರು ಎಂದು ಯಾರೂ ಗುರುತು ಹಾಕಿಟ್ಟಿರುವುದಿಲ್ಲ. ಸಂಘ ಉಳಿಯಿತು; ಅದು ಯಾವುದಕ್ಕಾಗಿ ಇತ್ತೋ ಅದು ಹೋಯಿತು.

ಗುರುತು ಹಾಕುವುದು ಬರಿಯ ಜಾಣತನ, ಅದಕ್ಕೆ ಧರ್ಮವೆಂಬ ದೊಡ್ಡ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಯಂತ್ರದ ಮಟ್ಟಿಗೆ ಈ ಮಾತು ನಿಜ. ಷಾಫ್ಟಿಗೆ ನೋವಿಲ್ಲ, ತಪ್ಪಾಗಿ ಕೂರಿಸಿದರೆ ನಾಳೆಯೇ ನಡುಗಿ ಹೇಳುತ್ತದೆ. ಮನುಷ್ಯರು ಹಾಗೆ ಹೇಳುವುದಿಲ್ಲ. ದೊಡ್ಡವರ ಜಗಳ ತೀರಿಸಲು ಪಕ್ಕಕ್ಕೆ ಸರಿಸಲ್ಪಟ್ಟವರು ಹೆಚ್ಚಾಗಿ ಸುಮ್ಮನೆ ದೂರವಾಗುತ್ತಾರೆ. ಅವರ ಮೌನವನ್ನೇ ನಾವು ಒಪ್ಪಿಗೆಯೆಂದು ತಿಳಿದುಬಿಡುತ್ತೇವೆ. ಯಂತ್ರದಲ್ಲಿ ಜಾಣತನವಾಗಿದ್ದುದು ಇಲ್ಲಿ ಋಣವಾಗುವುದು ಈ ಕಾರಣಕ್ಕೆ.

ತಪ್ಪನ್ನು ತಿದ್ದಲು ಹೊರಟವನಿಗೆ ಬಿಚ್ಚುವ ಅಧಿಕಾರ ಬೇಕೇ ಬೇಕು. ಆದರೆ ಬೋಲ್ಟಿಗೆ ಕೈಹಾಕುವ ಮೊದಲೇ ಅವನು ಎರಡು ಸಂಗತಿಗಳನ್ನು ತಿಳಿದಿರಬೇಕು: ಇದರಲ್ಲಿ ತಪ್ಪಿಲ್ಲದ್ದು ಯಾವುದು, ಅದು ಈಗ ಯಾವ ನೆಲೆಯಲ್ಲಿದೆ. ಅದನ್ನು ಮತ್ತೆ ಅದೇ ನೆಲೆಯಲ್ಲಿ ಕೂರಿಸುವವರೆಗೆ ರಿಪೇರಿ ಮುಗಿಯಿತೆಂದು ಅವನು ಕೈ ತೊಳೆದುಕೊಳ್ಳಬಾರದು.