ಶಕ್ತಿತಸ್ತಪ: ಔಷಧಕಾಲದ ವ್ರತವಿಚಾರ

ಸ್ವಾಮಿ ಸಮಂತಭದ್ರಾಚಾರ್ಯರಿಗೆ ಮುನಿಯವಸ್ಥೆಯಲ್ಲಿಯೇ ಭಸ್ಮಕವ್ಯಾಧಿ ತಗುಲಿತೆಂದು ದೇವಚಂದ್ರನ ರಾಜಾವಳೀ ಕಥೆಯೂ ಕಥಾಕೋಶಗಳೂ ಹೇಳುತ್ತವೆ. ತಿಂದದ್ದೆಲ್ಲ ಕ್ಷಣದಲ್ಲಿ ಭಸ್ಮವಾಗುವ ರೋಗವದು. ದಿನಕ್ಕೊಮ್ಮೆ ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಅದರ ಶಮನವೆಂತು? ಆಚಾರ್ಯರು ತಮ್ಮ ಗುರುಗಳಲ್ಲಿ ಸಲ್ಲೇಖನೆಗೆ ಅನುಜ್ಞೆ ಬೇಡಿದರು. ಗುರುಗಳು ಕೊಡಲಿಲ್ಲ. ದೀಕ್ಷೆಯನ್ನು ತಾತ್ಕಾಲಿಕವಾಗಿ ಬಿಟ್ಟು, ವ್ಯಾಧಿಯನ್ನು ಗುಣಪಡಿಸಿಕೊಂಡು, ಪುನಃ ದೀಕ್ಷಿತರಾಗುವಂತೆ ಆಜ್ಞಾಪಿಸಿದರು. ಶಿಷ್ಯರು ಹಾಗೆಯೇ ನಡೆದರು. ಶ್ರಾವಕಾಚಾರವನ್ನು ಬೋಧಿಸಿದ ರತ್ನಕರಂಡಕದಂತಹ ಗ್ರಂಥ ಲೋಕಕ್ಕೆ ದೊರೆತದ್ದು ಇಂತಹ ಮಹಾತ್ಮರಿಂದ.

ಈ ಕಥೆಯನ್ನು ಪೂಜಾಮಂದಿರದಲ್ಲಿ ಕೇಳಿ ತಲೆದೂಗುವವರು ಅನೇಕರು. ಅದು ತಮ್ಮ ಮನೆಯ ಹೊಸ್ತಿಲಿಗೇ ಬಂದಾಗ ಗುರುತಿಸುವವರು ಮಾತ್ರ ವಿರಳ. ತಿಪಟೂರು ಸೀಮೆಯ ಬಿಳಿಗೆರೆಯಂತಹ ಊರಿನ ಒಬ್ಬ ಶ್ರಾವಕನನ್ನು ಭಾವಿಸಿಕೊಳ್ಳಬಹುದು. ತೋಟ, ಕೊಬ್ಬರಿ, ಅಷ್ಟಮಿ ಚತುರ್ದಶಿಗಳ ಉಪವಾಸ, ಅನಸ್ತಮಿತ ವ್ರತ: ಇಷ್ಟರಲ್ಲಿ ಬಾಳು ಸಾಗಿದೆ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಕಂಡುಬಂದು, ಶಸ್ತ್ರಕ್ರಿಯೆಯಾಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಕೀಮೋಥೆರಪಿ ಆರಂಭವಾಗಿದೆ. ಊಟದ ವಾಸನೆಗೇ ಓಕರಿಕೆ, ಬಾಯಲ್ಲಿ ಹುಣ್ಣು, ಭೇದಿ, ಬೆರಳುಗಳಲ್ಲಿ ಜೋಮು. ಭಸ್ಮಕದಲ್ಲಿ ತಿಂದಷ್ಟೂ ಸಾಲದು. ಇಲ್ಲಿ ತುತ್ತನ್ನು ಕಂಡರೇ ಹೇವರಿಕೆ. ಆಗ ಮನಸ್ಸಿಗೆ ಒಂದು ಸಮಾಧಾನ ಹೊಳೆಯುತ್ತದೆ: ‘ಹೇಗೂ ಅನ್ನ ಸೇರದು, ಉಪವಾಸವನ್ನಾದರೂ ಮಾಡಿ ಪುಣ್ಯ ಕಟ್ಟಿಕೊಳ್ಳೋಣ.’ ಮನೆಯವರೂ ಭಕ್ತಿಯಿಂದ ಸುಮ್ಮನಾಗುತ್ತಾರೆ. ಅಪಾಯವಿರುವುದು ಈ ಮೌನದಲ್ಲಿಯೇ.

ಉಪವಾಸವೆಂದರೆ ಕೇವಲ ಹೊಟ್ಟೆಯನ್ನು ಬರಿದಾಗಿಡುವುದಲ್ಲ. ವಿಷಯ, ಕಷಾಯ, ಆಹಾರ ಮೂರನ್ನೂ ತ್ಯಜಿಸಿ ಆತ್ಮನ ಸಮೀಪದಲ್ಲಿ ವಾಸಿಸುವುದು ಉಪವಾಸ. ಬೇಕೆನಿಸಿದ್ದನ್ನು ಬಿಟ್ಟರೆ ತ್ಯಾಗ; ಬೇಡವಾದದ್ದನ್ನು ಬಿಟ್ಟರೆ ಅದು ರೋಗದ ಲಕ್ಷಣ ಮಾತ್ರ. ತೀರ್ಥಂಕರ ಪುಣ್ಯಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೆಸರಿಸುವಾಗ ಎರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಎಂಬುದು ಅದರ ಭಾವ. ಔಷಧದಿಂದ ರಕ್ತದ ಕಣಗಳು ಕುಗ್ಗಿರುವ ಶರೀರದಲ್ಲಿ ಅನಶನಕ್ಕೆ ಆ ಶಕ್ತಿಯಿಲ್ಲ. ಇನ್ನು ಸಲ್ಲೇಖನೆಯ ಮಾತೆತ್ತುವವರು ಆಚಾರ್ಯರು ಹಾಕಿದ ಷರತ್ತನ್ನು ನೆನೆಯತಕ್ಕದ್ದು: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ವೈದ್ಯರು ಗುಣವಾಗಲೆಂದೇ ಮದ್ದು ಕೊಡುತ್ತಿರುವಾಗ ರೋಗವು ನಿಷ್ಪ್ರತೀಕಾರವಲ್ಲ.

ಉಪವಾಸದಿಂದ ಕ್ಯಾನ್ಸರನ್ನೇ ಹಸಿವಿನಿಂದ ಕೊಲ್ಲಬಹುದೆಂಬ ಮಾತೂ ಈಚೆಗೆ ಹರಡಿದೆ. ಅಲ್ಪಕಾಲದ ಉಪವಾಸವನ್ನು ಕುರಿತು ಸಂಶೋಧನೆಗಳು ನಡೆದಿರುವುದು ನಿಜ; ಅದು ಚಿಕಿತ್ಸೆಯೆಂದು ಸಿದ್ಧಪಟ್ಟಿಲ್ಲ. ತೂಕ ಕಳೆದುಕೊಂಡ ರೋಗಿ ಮುಂದಿನ ಸರದಿಯ ಔಷಧವನ್ನೇ ತಾಳಲಾರದೆ ಹೋಗುತ್ತಾನೆ. ಆದುದರಿಂದ ಅಷ್ಟಮಿಯಂದು ಉಪವಾಸದ ಬದಲು ಒಂದು ರಸದ ತ್ಯಾಗವೋ, ಮೌನವೋ, ಸ್ವಾಧ್ಯಾಯವೋ ಆಗಲಿ. ಆರು ಬಾಹ್ಯ ತಪಗಳ ಜೊತೆಗೆ ಆರು ಅಭ್ಯಂತರ ತಪಗಳನ್ನೂ ಶಾಸ್ತ್ರ ಹೇಳಿದೆಯಷ್ಟೆ!

ಗೃಹಸ್ಥನನ್ನು ಹೆಚ್ಚಾಗಿ ಕಾಡುವುದು ರಾತ್ರಿಭೋಜನ ತ್ಯಾಗದ ಪ್ರಶ್ನೆ. ಈ ರೋಗಕ್ಕೆ ಬಹಳವಾಗಿ ಬಳಸುವ ಕ್ಯಾಪೆಸಿಟಬೀನ್ ಮಾತ್ರೆಯನ್ನು ದಿನಕ್ಕೆರಡು ಬಾರಿ, ಸುಮಾರು 12 ಗಂಟೆಗಳ ಅಂತರದಲ್ಲಿ, ಊಟವಾದ 30 ನಿಮಿಷಗಳೊಳಗೆ ನುಂಗಬೇಕು. ಸಾಮಾನ್ಯ ಕ್ರಮದಲ್ಲಿ 14 ದಿನ ಮಾತ್ರೆ, 7 ದಿನ ವಿರಾಮ. ಮಾಗಿಯಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. ಬೆಳಿಗ್ಗೆ ಸೂರ್ಯೋದಯದ ತರುವಾಯ ಬೇಗನೆ ಗಂಜಿ ಕುಡಿದು ಮಾತ್ರೆ, ಸಂಜೆ ಹೊತ್ತಿರುವಾಗಲೇ ಊಟ ಮುಗಿಸಿ ಮಾತ್ರೆ ಎಂದು ಹೊಂದಿಸಿಕೊಂಡರೆ ವ್ರತವೂ ಉಳಿಯುತ್ತದೆ. ಅಂತರ ಕಿರಿದಾಗುವುದಾದರೆ ವೈದ್ಯರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕೇ ಹೊರತು ಗುಟ್ಟಾಗಿ ಒಂದು ಹೊತ್ತಿನ ಮಾತ್ರೆಯನ್ನು ಬಿಡಬಾರದು. ಮೊದಲೇ ಹೇಳಿದರೆ ವೈದ್ಯರಿಂದ ದಾರಿ ದೊರೆಯುತ್ತದೆ. ಸಂಕೋಚದಿಂದ ಮುಚ್ಚಿಟ್ಟರೆ ಔಷಧದ ಲೆಕ್ಕವೇ ತಪ್ಪುತ್ತದೆ.

ಭೇದಿಗೆ ಹೊತ್ತುಗೊತ್ತಿಲ್ಲ. ನಡುರಾತ್ರಿ ನಾಲ್ಕಾರು ಬಾರಿ ಭೇದಿಯಾಗಿ, ಚತುರ್ವಿಧ ಆಹಾರ ತ್ಯಾಗವೆಂದು ಬೆಳಗಿನವರೆಗೆ ಹನಿ ನೀರನ್ನೂ ಮುಟ್ಟದಿದ್ದರೆ ಮೂತ್ರಪಿಂಡಕ್ಕೆ ಕೇಡು. ಚಿಕಿತ್ಸೆಯ ಕಾಲಕ್ಕೆ ‘ಔಷಧ ಮತ್ತು ಜಲದ ಹೊರತು’ ಎಂದು ನಿಯಮವನ್ನು ಸಡಿಲಿಸಿಕೊಳ್ಳುವುದೇ ವಿವೇಕ. ಕುದಿಸಿದ ನೀರು ಒಂದು ಲೀಟರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಈ ಮಿಶ್ರಣ ಹಾಸಿಗೆಯ ಪಕ್ಕದಲ್ಲಿರಲಿ. ತೆಂಗಿನ ಸೀಮೆಯಲ್ಲಿ ಎಳನೀರಿಗೆ ಬರವಿಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ, ಉಪ್ಪಿನಂಶ ಕಡಿಮೆ. ಆದುದರಿಂದ ಎಳನೀರು ಈ ಮಿಶ್ರಣದ ಜೊತೆಗಿರಲಿ, ಅದರ ಸ್ಥಾನದಲ್ಲಿ ಬೇಡ. ಆಲೂಗಡ್ಡೆ ಹೇಳಿದರೆಂದು ಕಂದಮೂಲಕ್ಕೆ ಕೈಚಾಚಬೇಕಾಗಿಲ್ಲ. ಮೆತ್ತಗಿನ ಅನ್ನ, ಹೆಸರುಬೇಳೆಯ ಕಟ್ಟು, ಬೇಯಿಸಿದ ಬಾಳೆಕಾಯಿ ಸಾಕು. ದಿನಕ್ಕೆ ವಾಡಿಕೆಗಿಂತ ನಾಲ್ಕು ಸಲ ಹೆಚ್ಚಾದರೆ ಮಾತ್ರೆಯನ್ನು ನಿಲ್ಲಿಸಿ ಆಸ್ಪತ್ರೆಗೆ ಒಡನೆಯೇ ತಿಳಿಸತಕ್ಕದ್ದು.

ಪೂರ್ವಜರ ಆಚಾರ ಇಲ್ಲಿ ನೆರವಿಗೆ ಬರುವುದೂ ಉಂಟು. ಗಾಳಿಸಿ ಕುದಿಸಿದ ನೀರು, ಆಗಿಂದಾಗ ಮಾಡಿದ ಅಡಿಗೆ, ತಂಗಳಿನ ವರ್ಜನೆ: ಕಿದ್ವಾಯಿಯಂತಹ ಆಸ್ಪತ್ರೆಗಳಲ್ಲಿ ಸೋಂಕು ತಗಲದಂತೆ ಹೇಳುವ ಎಚ್ಚರಿಕೆಗಳು ಶ್ರಾವಕನ ಅಡಿಗೆಮನೆಗೆ ಹೊಸತಲ್ಲ. ರಕ್ತನಾಳಕ್ಕೆ ಆಕ್ಸಾಲಿಪ್ಲಾಟಿನ್ ಏರಿಸಿಕೊಂಡವನಿಗಂತೂ ತಣ್ಣೀರೇ ಶತ್ರು. ತಣ್ಣನೆಯದನ್ನು ಕುಡಿದರೆ ಗಂಟಲು ಬಿಗಿದಂತಾಗುತ್ತದೆ, ಮುಟ್ಟಿದರೆ ಬೆರಳುಗಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಪೂಜೆಗೆ ಮುನ್ನ ಬಾವಿಯ ತಣ್ಣೀರಿನ ಸ್ನಾನವೇ ಆಗಬೇಕೆಂಬ ಹಟ ಅಂತಹವನಿಗೆ ಸಲ್ಲದು. ಬಾಯಿಹುಣ್ಣಿಗೆ ಜೇನು ಸವರೆಂದು ನೆರೆಯವರು ಹೇಳುವುದುಂಟು. ಮಧುತ್ಯಾಗವಾದರೋ ಮೂಲಗುಣ. ಅದನ್ನು ಬಿಡದೆಯೇ, ಉಗುರುಬೆಚ್ಚನೆಯ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡಿಗೆ ಸೋಡ ಹಾಕಿ ಹಲವು ಬಾರಿ ಮುಕ್ಕಳಿಸಬಹುದು. ಮಾತ್ರೆಯಿಂದ ಅಂಗಾಲು ಕೆಂಪೇರಿ ಉರಿಯುವಾಗ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲ ಪ್ರದಕ್ಷಿಣೆ ಬೇಡ. ಶ್ರವಣಬೆಳಗೊಳದ ದೊಡ್ಡಬೆಟ್ಟದ 600ಕ್ಕೂ ಹೆಚ್ಚು ಮೆಟ್ಟಿಲುಗಳು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ.

ಜ್ವರ 100.4 ಡಿಗ್ರಿಗೆ ಏರಿದರೆ ಮಾತ್ರ ಯಾವ ವ್ರತಕ್ಕೂ, ಯಾವ ಮುಹೂರ್ತಕ್ಕೂ ಕಾಯುವಂತಿಲ್ಲ. ಅಪರಾತ್ರಿಯೇ ಆಗಿರಲಿ, ತಿಪಟೂರಿಗೋ ತುಮಕೂರಿಗೋ ಹೊರಟೇ ಬಿಡಬೇಕು. ದಶಲಕ್ಷಣ ಪರ್ವದ ಜನಸಂದಣಿಯಿಂದಲೂ ಆ ದಿನಗಳಲ್ಲಿ ದೂರವಿರುವುದು ಲೇಸು.

ಈ ನಾಡಿನ ಮನೆಗಳಲ್ಲಿ ಕಾಯಿಯನ್ನು ವರ್ಷದ ಸಮೀಪ ಅಟ್ಟದ ಮೇಲೆ ಇಡುತ್ತಾರೆ. ನೀರು ಇಂಗಿ, ಕೊಬ್ಬರಿ ಕರಟದಿಂದ ತಾನಾಗಿ ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಶಬ್ದವಾಗುತ್ತದೆ. ಶರೀರ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನಕ್ಕೆ ಈ ದೃಷ್ಟಾಂತ ಹಳೆಯದು. ಹಸಿಗಾಯಿಯನ್ನು ಒಡೆದರೆ ತಿರುಳು ಕರಟವನ್ನು ಕಚ್ಚಿಕೊಂಡೇ ಇರುತ್ತದೆ ಎಂಬುದನ್ನು ಮಾತ್ರ ಜನ ಮರೆಯುತ್ತಾರೆ. ದೇಹವನ್ನು ಒಣಗಿಸಿದ ಮಾತ್ರಕ್ಕೆ ಮೋಹ ಬಿಡದು. ‘ನನಗೇಕೆ ಈ ರೋಗ, ಯಾವ ಪಾಪದ ಫಲ’ ಎಂದು ಹಗಲಿರುಳು ಕೊರಗುವುದು ವೇದನಾಜನ್ಯ ಆರ್ತಧ್ಯಾನ. ಅದರಿಂದ ಹೊಸ ಕರ್ಮಬಂಧವೇ ಹೊರತು ನಿರ್ಜರೆಯಿಲ್ಲ. ವಾಕರಿಕೆ ನಿಲ್ಲಿಸುವ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೆ ನುಂಗಿ, ಅರ್ಧಗಂಟೆ ಕಳೆದು ನಾಲ್ಕು ತುತ್ತು ಉಂಡು, ಸಮಭಾವದಿಂದ ಮಲಗಿದವನು ರೋಗಪರೀಷಹವನ್ನು ಹೆಚ್ಚು ಚೆನ್ನಾಗಿ ಸಹಿಸಿದಂತಾಯಿತು.

ಮನೆಯವರ ಪಾಲಿಗೆ ಇದು ವೈಯಾವೃತ್ತ್ಯದ ಕಾಲ. ಒಗ್ಗರಣೆಯ ಘಾಟು ರೋಗಿಯ ಕೋಣೆಗೆ ಹೋಗದಂತೆ ನೋಡುವ ಸೊಸೆ, ಭೇದಿಯ ಬಟ್ಟೆಯನ್ನು ಕೈಗವಸು ತೊಟ್ಟು ಬೇರೆಯಾಗಿ ಒಗೆಯುವ ಮಗ, ಇವರೂ ತಪಸ್ಸಿನಲ್ಲಿಯೇ ಇದ್ದಾರೆ. ಯಾವಜ್ಜೀವ ಸ್ವೀಕರಿಸಿದ ವ್ರತವಿದ್ದರೆ ಅದನ್ನು ತಾವೇ ಮುರಿಯುವುದೂ ಬೇಡ, ತಾವೇ ಹಿಗ್ಗಿಸುವುದೂ ಬೇಡ. ಮುನಿಗಳನ್ನೋ ಭಟ್ಟಾರಕರನ್ನೋ ಕಂಡು, ವೈದ್ಯರ ಕಾಗದವನ್ನು ಮುಂದಿಟ್ಟು ಕೇಳಬೇಕು. ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಆರೋಗ್ಯ ಮರಳಿದ ಮೇಲೆ ನೆರವೇರಿಸಿದರಾಯಿತು. ಬೆರಳ ಜೋಮು ಔಷಧ ಮುಗಿದ ಬಳಿಕವೂ ತಿಂಗಳುಗಟ್ಟಲೆ ಉಳಿಯುವುದುಂಟು. ಜಪಮಾಲೆಯ ಮಣಿ ಕೈಗೆ ತಿಳಿಯದಿದ್ದರೆ ಮಾಲೆಯನ್ನು ಪೀಠದ ಮೇಲಿಟ್ಟು, ಉಸಿರಿನ ಲೆಕ್ಕದಲ್ಲಿ ಪಂಚನಮಸ್ಕಾರವನ್ನು ಸ್ಮರಿಸಬಹುದು.