ಕಥೆಗೆ ಅಳುವ ಕಣ್ಣು

ಕಾದಂಬರಿಯೊಳಗಿನ ಮನುಷ್ಯ ನಮ್ಮ ಬಾಗಿಲಿಗೆ ಬಂದು ಅನ್ನ ಕೇಳುವುದಿಲ್ಲ, ಸಾಲ ಕೇಳುವುದಿಲ್ಲ. ಅವನಿಗಾಗಿ ಅಳುವುದು ಸುಲಭ. ಹಾಗಾದರೆ ಆ ಕಣ್ಣೀರಿಗೆ ದೇವರ ಮುಂದೆ ಬೆಲೆ ಉಂಟೇ? ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಈಚೆಗೆ ಮತ್ತೆ ಓದಿ, ಆಮೇಲೆ ಮೊಬೈಲಿನಲ್ಲಿ ಕೇಳಿದಾಗ ಕಾಡಿದ ಪ್ರಶ್ನೆ ಇದು.

1933ರಲ್ಲಿ ಪ್ರಕಟವಾದ ಈ ಕಾದಂಬರಿಯ ಚೋಮನಿಗೆ ಒಂದೇ ಆಸೆ: ತುಂಡು ನೆಲವನ್ನು ತಾನೇ ಉತ್ತು ಬೆಳೆಯಬೇಕು. ಅವನಿಗೆ ಎತ್ತುಗಳಿವೆ; ಆದರೆ ಅಸ್ಪೃಶ್ಯನೆಂದು ದೂರವಿಟ್ಟವನಿಗೆ ನೆಲ ಕೊಡುವವರಿಲ್ಲ. ನೀರಿನಲ್ಲಿ ಮುಳುಗುವ ಅವನ ಮಗ ನೀಲನನ್ನು ಮೈಲಿಗೆಯ ಭಯದಿಂದ ಯಾರೂ ಎತ್ತುವುದಿಲ್ಲ. ಇಷ್ಟರವರೆಗೆ ನಾವು ಕ್ರೈಸ್ತರು ನೆಮ್ಮದಿಯಾಗಿ ಕೋಪಿಸಿಕೊಳ್ಳಬಹುದು. ಆದರೆ ಅದೇ ಕಥೆಯಲ್ಲಿ ಕಾಫಿ ತೋಟದ ಮನ್ವೇಲನಿದ್ದಾನೆ. ಅಪ್ಪನ ಸಾಲ ತೀರಿಸಲು ಬಂದ ಬೆಳ್ಳಿಯ ಅಸಹಾಯಕತೆಯನ್ನು ಬಳಸಿಕೊಂಡವನು ಅವನು. ಅವನದು ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿರುವಂಥ ಹೆಸರು!

ಪುಸ್ತಕವಾದರೆ ಇಂಥ ಪುಟವನ್ನು ಬೇಗ ಮಗುಚಿಬಿಡಬಹುದು. ಕೇಳುವಾಗ ಹಾಗಾಗುವುದಿಲ್ಲ. ನಮ್ಮ ಕಟ್ಟೆಮಳಲವಾಡಿಯ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ ಕಾಯಬೇಕು. ಸೌದೆ ಹಾಕಬೇಕು, ಶಾಖ ನೋಡಬೇಕು. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಓದುವ ದನಿ ಮನ್ವೇಲನ ಬಳಿ ಬಂದಾಗಲೂ ಅವಸರ ಮಾಡುವುದಿಲ್ಲ. ಜಗದ್ಗುರು ಫ್ರಾನ್ಸಿಸ್‌ರವರು 2024ರ ಜುಲೈ 17ರಂದು ಸಾಹಿತ್ಯದ ಕುರಿತು ಬರೆದ ಪತ್ರದಲ್ಲಿ, ಸಾಹಿತ್ಯವೆಂದರೆ ಇನ್ನೊಬ್ಬರ ದನಿಗೆ ಕಿವಿಗೊಡುವುದು ಎಂಬ ವಿಚಾರವನ್ನು ಎತ್ತಿ ಹೇಳಿದ್ದು ಇಲ್ಲಿ ಅರ್ಥವಾಗುತ್ತದೆ.

ಆದರೂ ಕೇಳಿ ಮರುಗಿದರೆ ಸಾಕೇ? ಸಂತ ಅಗಸ್ಟೀನರಿಗೆ ಈ ಬಗ್ಗೆ ಸಂಶಯವಿತ್ತು. ಬಾಲ್ಯದಲ್ಲಿ ವರ್ಜಿಲ್ ಕವಿಯ ಕಾವ್ಯ ಓದಿ ರಾಣಿ ದೀದೋಳ ಸಾವಿಗೆ ಅತ್ತವರು, ದೇವರಿಂದ ದೂರವಾಗಿ ಸಾಯುತ್ತಿದ್ದ ತಮ್ಮ ಆತ್ಮಕ್ಕೆ ಮಾತ್ರ ಅಳಲಿಲ್ಲವೆಂದು 'ಕನ್ಫೆಷನ್ಸ್' ಗ್ರಂಥದಲ್ಲಿ ನೊಂದುಕೊಂಡರು. ಕಥೆಯ ಕಣ್ಣೀರು ನಮ್ಮನ್ನು ಒಳ್ಳೆಯವರೆಂದು ನಂಬಿಸಿ ಮಲಗಿಸಿಬಿಡಬಹುದು.

ಹಾಗೆಂದು ಕಥೆಯನ್ನೇ ದೂರವಿಡಬೇಕಿಲ್ಲ. ಸಮುವೇಲನ ಎರಡನೆಯ ಗ್ರಂಥದ 12ನೇ ಅಧ್ಯಾಯ ನೋಡಿ. ದಾವೀದ ಅರಸ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನೂ ಕೊಲ್ಲಿಸಿದ್ದ. ಪ್ರವಾದಿ ನಾತಾನ್ ನೇರವಾಗಿ ಗದರಲಿಲ್ಲ. ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳಿದ. ದಾವೀದ ಉರಿದೆದ್ದ. ಆಗ ಪ್ರವಾದಿ, ಆ ಶ್ರೀಮಂತ ಬೇರೆ ಯಾರೂ ಅಲ್ಲ ಎಂದು ಅರಸನ ಕಡೆಗೇ ಬೆರಳು ತೋರಿಸಿದ. ಆ ಸಿಟ್ಟು ಅಲ್ಲಿಗೇ ನಿಂತಿದ್ದರೆ ಅದು ಬರೀ ಸಿಟ್ಟಾಗಿರುತ್ತಿತ್ತು; ತನ್ನ ಕಡೆಗೆ ತಿರುಗಿದ್ದರಿಂದ ಪಶ್ಚಾತ್ತಾಪವಾಯಿತು.

ಕಾರಂತರು ಪ್ರವಾದಿಯೆಂದು ಹೇಳಿಕೊಂಡವರಲ್ಲ. ಆದರೆ ಮನ್ವೇಲನನ್ನು ಮುಂದೆ ನಿಲ್ಲಿಸಿ ಅವರು ನಮಗೆ ಮಾಡಿದ್ದು ನಾತಾನನ ಕೆಲಸವನ್ನೇ. ಚೋಮನಿಗೆ ಅಳುವ ನಾವು, ಸೊಪ್ಪು ಮುರಿಯಲು ಬರುವ ಹೆಣ್ಣಾಳಿನ ಹೆಸರು ಬಲ್ಲೆವೇ? ಅವಳ ಕೂಲಿ ಹೊತ್ತಿಗೆ ಸರಿಯಾಗಿ ಕೈಸೇರುತ್ತದೆಯೇ? ಅವಳಿಗೆ ಕೊಡುವ ಟೀ ಲೋಟ ನಮ್ಮ ಲೋಟದ ಜೊತೆಗೇ ಇರುತ್ತದೆಯೇ, ಹಿತ್ತಲಿನಲ್ಲಿ ಬೇರೆ ಇರುತ್ತದೆಯೇ?

ಪ್ರಿಯ ಓದುಗರೇ, ಮನೆಯಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಮಕ್ಕಳೊಂದಿಗೆ ಒಂದು ಒಳ್ಳೆಯ ಕಾದಂಬರಿಯನ್ನು ಓದಿರಿ, ಇಲ್ಲವೇ ಕೇಳಿರಿ. ಕಣ್ಣು ಒದ್ದೆಯಾದರೆ ನಾಚಬೇಡಿ. ಒರೆಸಿಕೊಳ್ಳುವ ಮುನ್ನ, ಈ ಕಥೆಯಲ್ಲಿ ನಾನು ಯಾರು ಎಂದು ಒಮ್ಮೆ ಕೇಳಿಕೊಳ್ಳಿ.